ಪದಚರ್ಚೆ: ಮಣ್ಣಿನ ಒಂದೊಂದು ಹದಕ್ಕೂ ಹೆಸರು ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಕುಂಬಾರಿಕೆಯಲ್ಲಿ ‘ಲೆದರ್ ಹಾರ್ಡ್’ ಎನ್ನುವ ಹಂತಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ತಿಗುರಿಯಿಂದ (ಕುಂಬಾರನ ಚಕ್ರದಿಂದ) ಇಳಿಸಿದ ಹಸಿ ಪಾತ್ರೆ ಸ್ವಲ್ಪ ಒಣಗಿರುತ್ತದೆ. ಎತ್ತಿದರೆ ಆಕಾರ ಕೆಡುವುದಿಲ್ಲ, ಉಗುರಿನಿಂದ ಗೀರಿದರೆ ಇನ್ನೂ ನಯವಾಗಿ ಗೆರೆ ಬೀಳುತ್ತದೆ. ಆ ಹೊತ್ತಿನ ಹೆಸರು ನನಗೆ ಬೇಕು.

ನಾನು ಕುಂಬಾರಿಕೆಯ ಸ್ಟುಡಿಯೊ ಒಂದರಲ್ಲಿ ಕೆಲಸ ಮಾಡುತ್ತಲೇ ಕಲಿಯುತ್ತಿರುವವಳು. ಹೊಸದಾಗಿ ಕಲಿಯಲು ಸೇರುವವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬೇಕಾದ ಪದಗಳಲ್ಲಿ ಎಷ್ಟೋ ಆಗಲೇ ನಮ್ಮಲ್ಲಿವೆ. ತಿಗುರಿ, ಆವಿಗೆ (ಮಡಕೆ ಸುಡುವ ಗೂಡು) ಎರಡೂ ನಿಘಂಟಿನಲ್ಲಿವೆ. ಹಾಗಿದ್ದೂ ಆವಿಗೆಯನ್ನು ‘ಕುಲುಮೆ’ ಎಂದು ಬರೆಯುವುದನ್ನು ಕಂಡಾಗ ಬೇಸರವಾಗುತ್ತದೆ, ಕುಲುಮೆ ಕಮ್ಮಾರನದು. ವೆಡ್ಜಿಂಗ್‌ಗೆ ‘ನಾದು’ ಸರಿಯಾಗಿ ಹೊಂದುತ್ತದೆ. ಅದನ್ನು ‘ಕಲಸು’ ಎಂದರೆ ತಪ್ಪಾಗುತ್ತದೆ. ಕಲಸುವುದೆಂದರೆ ನೀರು ಬೆರೆಸುವುದು. ನಾದುವುದು ಕಲಸಿದ ಮೇಲಿನ ಕೆಲಸ: ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ತಳ್ಳಿ, ಮುದ್ದೆಯ ಗಟ್ಟಿ ಭಾಗವನ್ನೂ ಮೆತ್ತನೆಯ ಭಾಗವನ್ನೂ ಒಂದೇ ಸಮ ಮಾಡುವುದು. ಮುದ್ದೆ ಒಂದೇ ಸಮ ಇಲ್ಲದಿದ್ದರೆ ತಿಗುರಿಯ ಮೇಲೆ ಅದನ್ನು ನಡುವಿಗೆ ತರಲು ಪಡಬಾರದ ಪಾಡು ಪಡಬೇಕಾಗುತ್ತದೆ.

ತೊಡಕಿರುವುದು ‘ಹದ’ ಎಂಬ ಪದದಲ್ಲಿ. ಮಣ್ಣು ಕಣ್ಣೆದುರಿಗಿದ್ದಾಗ ಅದೊಂದೇ ಸಾಕು. ಕಲಿಸುವವರು ‘ಇನ್ನೂ ಹದ ಬಂದಿಲ್ಲ’ ಎಂದರೆ ಇಬ್ಬರೂ ಅದೇ ಬಟ್ಟಲನ್ನು ನೋಡುತ್ತಿರುತ್ತಾರೆ, ಬೆರಳಿಟ್ಟು ಒತ್ತಿ ನೋಡಬಹುದು. ಬರಹದಲ್ಲಿ ಅದು ಸಾಲದು. ‘ಹದವಾದ ಮೇಲೆ ಹಿಡಿ ಕೂಡಿಸಿ’, ‘ಹದವಾದ ಮೇಲೆ ತಳ ಕೆತ್ತಿ’, ‘ಹದವಾದ ಮೇಲೆ ಆವಿಗೆಯಲ್ಲಿಡಿ’ ಎಂದು ನಾನು ಬರೆದರೆ ಮೂರು ಕಡೆಯೂ ಒಂದೇ ಪದ, ಆದರೆ ಮಣ್ಣಿನ ಸ್ಥಿತಿ ಮೂರು ಬಗೆಯದು. ಮೊದಲನೆಯದಕ್ಕೆ ಮಣ್ಣು ಇನ್ನೂ ತುಸು ಮೆತ್ತಗಿರಬೇಕು. ಹಿಡಿಯಲ್ಲೂ ಬಟ್ಟಲಲ್ಲೂ ತೇವ ಹೆಚ್ಚುಕಡಿಮೆ ಒಂದೇ ಇರಬೇಕು, ಇಲ್ಲದಿದ್ದರೆ ಒಂದು ಹೆಚ್ಚು ಕುಗ್ಗಿ ಇನ್ನೊಂದು ಕಡಿಮೆ ಕುಗ್ಗಿ ಬೆಸುಗೆ ಬಿರಿಯುತ್ತದೆ. ಎರಡನೆಯದಕ್ಕೆ ಗಟ್ಟಿಯಾಗಿರಬೇಕು, ಉಳಿ ಹಾಕಿದರೆ ಮಣ್ಣು ಸುರುಳಿ ಸುರುಳಿಯಾಗಿ ಬರಬೇಕು. ಮೂರನೆಯದಕ್ಕೆ ಪೂರ್ತಿ ಒಣಗಿರಬೇಕು. ಎರಡನೆಯ ಹದವನ್ನೇ ಮೂರನೆಯದೆಂದು ತಿಳಿದು ಆವಿಗೆಗೆ ಇಟ್ಟರೆ, ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವಾಗ ಒಳಗಿನ ನೀರು ಆವಿಯಾಗಿ ಪಾತ್ರೆಯನ್ನು ಸಿಡಿಸುತ್ತದೆ. ಪಕ್ಕದಲ್ಲಿರುವ ಬೇರೆಯವರ ಪಾತ್ರೆಗಳೂ ಅದರ ಜೊತೆಗೆ ಹೋಗುತ್ತವೆ.

‘ತೊಗಲುಗಟ್ಟಿ’, ‘ಚರ್ಮಗಡಸು’ ಎಂಬ ಅನುವಾದಗಳನ್ನು ಕೆಲವರು ಸೂಚಿಸಿದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಕೇಳಿದವರಿಗೆ ಮೊದಲು ಚಪ್ಪಲಿಯೋ ಚೀಲವೋ ಕಣ್ಣಿಗೆ ಬರುತ್ತದೆ, ಮಣ್ಣು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈಗ ಏನು ಮಾಡಬಹುದು ಎಂಬುದನ್ನು ಅವು ಹೇಳುವುದಿಲ್ಲ. ಕಲಿಯುವವರಿಗೆ ಬೇಕಾಗಿರುವುದು ಅದೇ. ನೆಲದ ವಿಷಯದಲ್ಲಿ ಕನ್ನಡ ಈ ಕೆಲಸವನ್ನು ಯಾವತ್ತೋ ಮಾಡಿದೆ: ಉಳುವ ಹದ ಬೇರೆ, ಬಿತ್ತುವ ಹದ ಬೇರೆ. ಹದಕ್ಕೆ ಹೆಸರು ಬಂದಿರುವುದು ಮುಂದಿನ ಕೆಲಸದಿಂದ.

ಅದೇ ಜಾಡಿನಲ್ಲಿ, ಬೀಸುಕಲ್ಲು, ಕಡೆಗೋಲು ಇವುಗಳ ಮಾದರಿಯಲ್ಲಿ, ನಾನು ಕಟ್ಟಿಕೊಂಡಿರುವ ಪದಗಳು ಇವು: ಹಿಡಿ, ಮೂತಿ ಕೂಡಿಸುವ ಹೊತ್ತಿಗೆ ‘ಬೆಸೆಹದ’, ತಳ ಕೆತ್ತುವ ಹೊತ್ತಿಗೆ ‘ಕೆತ್ತುಹದ’, ಪೂರ್ತಿ ಒಣಗಿದ್ದಕ್ಕೆ ‘ಸುಡುಹದ’. ಮೊದಲನೆಯದನ್ನು ‘ಅಂಟುಹದ’ ಎನ್ನಬಹುದಿತ್ತು, ಆದರೆ ಮಣ್ಣು ಕೈಗೆ ಅಂಟುತ್ತಿರುವಾಗ ಎಂದು ಓದುವವರು ತಿಳಿದಾರು. ಬೆಸೆಹದ, ಕೆತ್ತುಹದ ಎರಡೂ ಇಂಗ್ಲಿಷಿನ ‘ಲೆದರ್ ಹಾರ್ಡ್’ ಒಳಗೇ ಬರುತ್ತವೆ ಎಂಬುದನ್ನು ಗಮನಿಸಿ. ಒಂದು ಪದಕ್ಕೆ ಒಂದೇ ಪದ ಎಂಬ ಹಟ ಇಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ.

ಸುಡುಹದದ ಬಗ್ಗೆ ಇನ್ನೊಂದು ಮಾತು. ಅದನ್ನು ಬರೀ ‘ಒಣಗಿದ್ದು’ ಎಂದು ಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಕಣ್ಣಿಗೆ ಒಣಗಿದಂತೆ ಕಾಣುವುದೇ ಬೇರೆ. ಮಣ್ಣಿನ ಕಣಗಳ ನಡುವಿನ ನೀರು ಹೋಗುತ್ತಾ ಕಣಗಳು ಹತ್ತಿರ ಸರಿಯುತ್ತವೆ, ಪಾತ್ರೆ ಕುಗ್ಗುತ್ತದೆ. ಕಣಕ್ಕೆ ಕಣ ತಾಗಿದ ಮೇಲೆ ಕುಗ್ಗುವುದು ಬಹುಮಟ್ಟಿಗೆ ನಿಲ್ಲುತ್ತದೆ, ಬಣ್ಣ ತಿಳಿಯಾಗುತ್ತದೆ. ಆದರೂ ಸಂದುಗಳಲ್ಲಿ ನೀರು ಉಳಿದಿರುತ್ತದೆ. ಪಾತ್ರೆಯನ್ನು ಕೆನ್ನೆಗೆ ಒತ್ತಿ ನೋಡಿದರೆ ತಣ್ಣಗಿರುತ್ತದೆ; ನೀರು ಇನ್ನೂ ಆರುತ್ತಿದೆ ಎಂದೇ ಅರ್ಥ. ಆ ತಂಪು ಹೋದ ಮೇಲೆಯೇ ಸುಡುಹದ. ಹೀಗೆ ಒಣಗಿದ್ದನ್ನೂ ನೀರಿಗೆ ಹಾಕಿದರೆ ಕದಡಿ ಮತ್ತೆ ಮಣ್ಣಾಗುತ್ತದೆ, ಅಂದರೆ ಹಿಂದಿರುಗುವ ದಾರಿ ಇನ್ನೂ ತೆರೆದಿದೆ. 900ರಿಂದ 1000 ಡಿಗ್ರಿಯ ಮೊದಲ ಸುಡುವಿಕೆ ಆದ ಮೇಲೆ ಆ ದಾರಿ ಇಲ್ಲ. ಆ ಮೊದಲ ಸುಡುವಿಕೆಯ ‘ಬಿಸ್ಕ್’ ಪದವನ್ನು ಹಾಗೇ ಇಟ್ಟುಕೊಂಡಿದ್ದೇನೆ, ಪಾತ್ರೆಗೆ ಬಳಿದು ಸುಡುವ ಗಾಜಿನಂಥ ಲೇಪವಾದ ‘ಗ್ಲೇಜ್’ ಪದವನ್ನೂ ಅಷ್ಟೇ. ಅದನ್ನು ‘ಮೆರುಗು’ ಎನ್ನಲಾಗದು, ಮೆರುಗು ಎಂದರೆ ಹೊಳಪು. ಹೊಳೆಯದ ಗ್ಲೇಜುಗಳೂ ಉಂಟು.

ಇನ್ನು ‘ಅಪ್ರೆಂಟಿಸ್’. ಕಚೇರಿಗಳು ಬಳಸುವ ‘ಶಿಶಿಕ್ಷು’ವನ್ನು ಸ್ಟುಡಿಯೊದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ‘ಶಿಷ್ಯ’ ಎಂದರೆ ಕೆಲಸದ ಸುಳಿವೇ ಇಲ್ಲ, ‘ಕೈಯಾಳು’ ಎಂದರೆ ಕಲಿಕೆಯ ಸುಳಿವಿಲ್ಲ. ಕುಂಬಾರಿಕೆಯ ಕಲಾವಿದರಾದ ಬರ್ನಾರ್ಡ್ ಲೀಚ್ ಮತ್ತು ಶೋಜಿ ಹಮಾದಾ 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಶುರುಮಾಡಿದ ಕುಂಬಾರಿಕೆ ಕೇಂದ್ರದಲ್ಲಿ ಮುಂದೆ ಕಲಿಯಲು ಬಂದವರು ಮಾರಾಟಕ್ಕಿದ್ದ ದಿನಬಳಕೆಯ ಪಾತ್ರೆಗಳನ್ನೇ ಮತ್ತೆ ಮತ್ತೆ ಮಾಡಿ ಕಲಿತರು. ಇಂಥ ಕಡೆ ದುಡಿಮೆಯನ್ನೂ ಕಲಿಕೆಯನ್ನೂ ಬೇರೆ ಮಾಡಲಾಗದು. ಚೂರುಪಾರು ಮಣ್ಣನ್ನು ನೆನೆಹಾಕುವುದು, ಮುದ್ದೆ ತೂಗುವುದು, ಧೂಳೇಳದಂತೆ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಎಲ್ಲವೂ ಪಾಠವೇ. (ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು, ಆದ್ದರಿಂದ ಕೈಪಿಡಿಯಲ್ಲಿ ‘ಗುಡಿಸು’ ಎಂಬ ಪದವೇ ಬರದಂತೆ ನೋಡಿಕೊಂಡಿದ್ದೇನೆ.) ‘ಪಳಗಿದ ಕೈ’ ಎಂಬ ಮಾತು ನಮ್ಮಲ್ಲಿದೆಯಲ್ಲ, ಅದರಿಂದ ‘ಪಳಗುಗೈ’ ಎಂದು ಮಾಡಿದರೆ ಕಿವಿಗೆ ಹೇಗೆ ಕೇಳುತ್ತದೆ? ನನಗೆ ಹಿಡಿಸಿದೆ, ಆದರೆ ‘ಪಳಗುಗೈಗಳು’ ಎಂದು ಬಹುವಚನ ಮಾಡುವಾಗ ನಾಲಿಗೆ ತಡವರಿಸುತ್ತದೆ.

ಕುಂಬಾರಿಕೆಯ ಕಸುಬಿನವರ ಬಾಯಲ್ಲಿ ಈ ಹದಗಳಿಗೆ ಹೆಸರು ಕೇಳಿದ್ದವರು ದಯವಿಟ್ಟು ಬರೆಯಿರಿ. ಅಂಥ ಪದ ಸಿಕ್ಕರೆ ನಾನು ಕಟ್ಟಿದ್ದನ್ನು ಸಂತೋಷದಿಂದ ಕೈಬಿಡುತ್ತೇನೆ. ಪದದ ಜೊತೆಗೆ, ಅದನ್ನು ಹಿಡಿ ಕೂಡಿಸುವಾಗ ಹೇಳುತ್ತಾರೋ ತಳ ಕೆತ್ತುವಾಗ ಹೇಳುತ್ತಾರೋ ಎಂಬುದನ್ನೂ ತಿಳಿಸಿ.