ಖಾತೆಯಲ್ಲಿ ದುಡ್ಡಿದ್ದರೂ ಸಂಬಳಕ್ಕೆ ಪರದಾಟ: ಸಣ್ಣ ಸೇವಾ ಸಂಸ್ಥೆಗಳ ಲೆಕ್ಕಪತ್ರದ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಣ್ಣ ಸೇವಾ ಸಂಸ್ಥೆ, ದಾನಿಗಳ ಹಣದಲ್ಲಿ ಮೂರು ಪ್ರಾಜೆಕ್ಟ್ ನಡೆಯುತ್ತಿವೆ. ಬ್ಯಾಂಕಿನಲ್ಲಿ ಈಗ 9 ಲಕ್ಷ ಇದೆ. ಕಚೇರಿ ಬಾಡಿಗೆ, ಕಚೇರಿ ಸಂಬಳ, ಫೋನು, ಆಡಿಟ್ ಎಲ್ಲ ಸೇರಿ ತಿಂಗಳಿಗೆ 90 ಸಾವಿರ ಬೇಕು. ಈ ಲೆಕ್ಕದಲ್ಲಿ ಹತ್ತು ತಿಂಗಳು ಯೋಚನೆಯಿಲ್ಲ ಅನ್ನಿಸುತ್ತದೆ. ಆದರೂ ಪ್ರತಿ ವರ್ಷ ಕೊನೆಯ ತಿಂಗಳುಗಳಲ್ಲಿ ಸಂಬಳ ತಡವಾಗುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ (ಲೆಕ್ಕಪತ್ರ ಸಲಹೆಗಾರರು): ನಮಸ್ಕಾರ. ಆ 9 ಲಕ್ಷದಲ್ಲಿ ನಿಮ್ಮ ಇಷ್ಟದಂತೆ ಖರ್ಚು ಮಾಡಬಹುದಾದದ್ದು ಎಷ್ಟು ಅಂತ ಮೊದಲು ಬಿಡಿಸಿ ನೋಡಿ. ದಾನಿಗಳು ಇಂಥದ್ದಕ್ಕೇ ಅಂತ ಕೊಟ್ಟು ಇನ್ನೂ ಖರ್ಚಾಗದ ಹಣ 6.4 ಲಕ್ಷ, ಕೊಡಬೇಕಾದ ಬಿಲ್‌ಗಳು 80 ಸಾವಿರ ಅಂತಿಟ್ಟುಕೊಳ್ಳೋಣ. ಎರಡನ್ನೂ ಕಳೆದರೆ ಉಳಿಯುವುದು 1.8 ಲಕ್ಷ. ಅದು ಹತ್ತು ತಿಂಗಳಿಗಲ್ಲ, ಎರಡೇ ತಿಂಗಳಿಗೆ ಸಾಕು. ಪಾಸ್‌ಬುಕ್ ಈ ವ್ಯತ್ಯಾಸ ತೋರಿಸುವುದಿಲ್ಲ, ನಿಮ್ಮ ಪುಸ್ತಕವೇ ತೋರಿಸಬೇಕು.

ಇದಕ್ಕೆ ದಾನಿಗೊಂದು ಬ್ಯಾಂಕ್ ಖಾತೆ ಬೇಕಾಗಿಲ್ಲ (ಒಪ್ಪಂದದಲ್ಲಿ ಅಥವಾ ಕಾನೂನಿನಲ್ಲಿ ಷರತ್ತಿದ್ದರೆ ಮಾತ್ರ ಬೇಕು). ಪ್ರತಿ ದಾನಿಗೂ ಒಂದು ಸಂಕೇತ ಕೊಡಿ, ಜೊತೆಗೆ ಯಾವ ದಾನಿಯ ಷರತ್ತೂ ಇಲ್ಲದ ಹಣಕ್ಕೆ 'ಸಾಮಾನ್ಯ' ಅಂತ ಒಂದು. ಹಣ ಬಂದಾಗ ರಸೀದಿಯ ಮೇಲೆ, ಹೋಗುವಾಗ ಓಚರ್ (ಖರ್ಚಿನ ಚೀಟಿ) ಮೇಲೆ ಆ ಸಂಕೇತ ಅದೇ ದಿನ ಬೀಳಬೇಕು. ವರ್ಷದ ಕೊನೆಗೆ ಕೂತು ಹಂಚುವ ಅಭ್ಯಾಸವೇ ಮುಖ್ಯ ರೋಗ. ಅಷ್ಟು ಹೊತ್ತಿಗೆ ಯಾವ ಬಿಲ್ ಯಾವುದರದ್ದು ಅಂತ ಯಾರಿಗೂ ನೆನಪಿರುವುದಿಲ್ಲ, ವರದಿಗೆ ಹೊಂದುವಂತೆ ಖರ್ಚನ್ನು ತಳ್ಳುವ ಆಸೆ ಬರುತ್ತದೆ.

ಇದರ ಜೊತೆ ಮುಂದಿನ 12 ತಿಂಗಳ ನಗದು ಹರಿವಿನ ಪಟ್ಟಿ ಮಾಡಿ. ಆರಂಭದ ಶಿಲ್ಕು (ಕೈಯಲ್ಲಿ ಉಳಿದ ಹಣ), ಬರುವುದು, ಹೋಗುವುದು, ಕೊನೆಯ ಶಿಲ್ಕು: ನಾಲ್ಕೇ ಸಾಲು, ಆದರೆ ಸಾಮಾನ್ಯ ನಿಧಿಗೆ ಬೇರೆ, ಪ್ರತಿ ಪ್ರಾಜೆಕ್ಟ್‌ಗೂ ಬೇರೆ. 'ಬರುವುದು' ಸಾಲಿಗೆ ಸಹಿಯಾದ ಒಪ್ಪಂದದ ಹಣ ಮಾತ್ರ. ಬಾಯಿಮಾತಿನ ಭರವಸೆಯನ್ನು ಕೆಳಗೆ ಪ್ರತ್ಯೇಕವಾಗಿ ಬರೆದಿಡಿ, ಕೂಡಬೇಡಿ. ಕಂತು ಬರುವ ತಿಂಗಳನ್ನು ಒಪ್ಪಂದದಲ್ಲಿರುವುದಕ್ಕಿಂತ ಎರಡು ತಿಂಗಳು ಮುಂದಕ್ಕೆ ಹಾಕಿ. ವರದಿ ಕಳಿಸಿ, ದಾನಿಗಳು ಓದಿ, ಪ್ರಶ್ನೆ ಕೇಳಿ, ಒಪ್ಪುವವರೆಗೆ ಹಣ ಬಿಡುಗಡೆಯಾಗುವುದಿಲ್ಲ. ಯಾವ ತಿಂಗಳಲ್ಲಿ ಸಾಮಾನ್ಯ ನಿಧಿಯ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುತ್ತದೋ ಅದೇ ನಿಮ್ಮ ಸಂಬಳ ನಿಲ್ಲುವ ತಿಂಗಳು. ಅದು ಆರು ತಿಂಗಳು ಮೊದಲೇ ಕಂಡರೆ ಏನಾದರೂ ಮಾಡಲು ಸಮಯವಿರುತ್ತದೆ.

ಪ್ರಶ್ನೆ: ಪ್ರಾಜೆಕ್ಟ್ ಹಣವನ್ನು ಸಂಬಳಕ್ಕೆ ಬಳಸಿ, ಮುಂದಿನ ಕಂತು ಬಂದ ಮೇಲೆ ತುಂಬಿದರೆ ಆಗುವುದಿಲ್ಲವೇ? ತುಂಬ ಕಡೆ ಹಾಗೇ ಮಾಡುತ್ತಾರೆ.

ಉತ್ತರ: ಮಾಡುತ್ತಾರೆ, ಸಂಸ್ಥೆಗಳು ಮುಳುಗುವುದೂ ಹೆಚ್ಚಾಗಿ ಅಲ್ಲೇ. ಮುಂದಿನ ಕಂತು ಬರಬೇಕಾದರೆ ಹಿಂದಿನದು ಖರ್ಚಾದ ಲೆಕ್ಕ ಕೊಡಬೇಕು. ಹಣ ಸಂಬಳಕ್ಕೆ ಹೋಗಿದ್ದರೆ ಕೆಲಸ ಆಗಿಲ್ಲ, ಕೆಲಸ ಆಗದಿದ್ದರೆ ಬಿಲ್ ಇಲ್ಲ. ಆಗ ಎರಡನೇ ದಾನಿಯ ಹಣ ತೆಗೆದು ಮೊದಲನೆಯವರ ಕೆಲಸ ಮುಗಿಸುತ್ತಾರೆ, ಮೂರನೆಯವರ ಹಣದಿಂದ ಎರಡನೆಯವರದ್ದು. ಒಂದು ಕಂತು ತಪ್ಪಿದರೆ ಮೂರೂ ನಿಲ್ಲುತ್ತವೆ. ಯಾರೂ ಕದಿಯದಿದ್ದರೂ ದಾನಿಯ ಕಣ್ಣಿಗೆ ಅದು ದುರ್ಬಳಕೆಯೇ.

ಅನಿವಾರ್ಯವಾದರೆ ಮೊದಲು ದಾನಿಯ ಲಿಖಿತ ಒಪ್ಪಿಗೆ ಕೇಳಿ. ಕಂತಿನ ದಿನಾಂಕ ಬದಲಿಸಲು, ಬಜೆಟ್‌ನ ಒಂದು ಬಾಬಿನಿಂದ (ಖರ್ಚಿನ ವಿಭಾಗದಿಂದ) ಇನ್ನೊಂದಕ್ಕೆ ಹಣ ಸರಿಸಲು ಒಪ್ಪುವವರಿದ್ದಾರೆ. ಖರ್ಚಾದ ಮೇಲೆ ಕೇಳಿದರೆ ಒಪ್ಪುವವರು ಕಡಿಮೆ. ಒಪ್ಪಿಗೆ ಸಿಕ್ಕ ಮೇಲೆ ಎಷ್ಟು ಹಣ, ಯಾವ ದಿನಾಂಕಕ್ಕೆ ವಾಪಸ್, ಯಾವ ಮೂಲದಿಂದ ಅಂತ ಆಡಳಿತ ಮಂಡಳಿಯ ಠರಾವಿನಲ್ಲಿ ಬರೆಸಿ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಆಡಳಿತ ವೆಚ್ಚಕ್ಕೆ ಶೇ 10ಕ್ಕಿಂತ ಹೆಚ್ಚು ಕೊಡುವುದಿಲ್ಲ ಅಂತ ದಾನಿಗಳು ಖಡಾಖಂಡಿತವಾಗಿ ಹೇಳುತ್ತಾರೆ. ಹಾಗಿದ್ದಾಗ ಸಾಮಾನ್ಯ ನಿಧಿ ಬೆಳೆಯುವುದು ಹೇಗೆ ಸರ್?

ಉತ್ತರ: ಮೇಡಂ, ಮೇಲಿನ ಲೆಕ್ಕವನ್ನೇ ಮುಂದುವರಿಸೋಣ. ಕಚೇರಿಯ ಖರ್ಚು ವರ್ಷಕ್ಕೆ 10.8 ಲಕ್ಷ. ಮೂರೂ ಪ್ರಾಜೆಕ್ಟ್‌ಗಳ ನೇರ ಖರ್ಚು (ಆ ಕೆಲಸಗಳಿಗೇ ಆಗುವ ಖರ್ಚು) ಒಟ್ಟು 36 ಲಕ್ಷ ಇದ್ದರೆ, ನೇರ ಖರ್ಚಿನ ಪ್ರತಿ 100ಕ್ಕೆ ಕಚೇರಿಯ ಖರ್ಚು 30 ಬೀಳುತ್ತದೆ. 12 ಲಕ್ಷದ ಪ್ರಾಜೆಕ್ಟ್ ಹೊರಬೇಕಾದ ಪಾಲು 3.6 ಲಕ್ಷ. ದಾನಿ ಕೊಡುವುದು 1.2 ಲಕ್ಷ. ಅಂದರೆ ಆ ಪ್ರಾಜೆಕ್ಟ್ ಒಪ್ಪಿಕೊಂಡ ದಿನವೇ 2.4 ಲಕ್ಷದ ಕೊರತೆ ಒಪ್ಪಿಕೊಂಡಂತೆ. ಹೊಸ ಪ್ರಾಜೆಕ್ಟ್ ಬಂದಷ್ಟೂ ಸಂಸ್ಥೆ ಸೊರಗುವುದು ಇದರಿಂದಲೇ.

ಈ ಕೊರತೆಯ ದೊಡ್ಡ ಭಾಗ ನಿಜವಾಗಿ ಆಡಳಿತ ವೆಚ್ಚವೇ ಅಲ್ಲ. ಲೆಕ್ಕಿಗರು ವಾರದಲ್ಲಿ ಎರಡು ದಿನ ಈ ಪ್ರಾಜೆಕ್ಟ್‌ನ ಓಚರ್ ನೋಡುತ್ತಿದ್ದರೆ ಆ ಎರಡು ದಿನದ ಸಂಬಳ ಪ್ರಾಜೆಕ್ಟ್‌ನ ನೇರ ಖರ್ಚು. ಸಂಯೋಜಕರ ಮೇಲ್ವಿಚಾರಣೆಯ ಸಮಯ, ಆ ತಂಡ ಕೂರುವ ಜಾಗದ ಬಾಡಿಗೆ, ಈ ಅನುದಾನದ ಆಡಿಟ್ ಶುಲ್ಕವೂ ಹಾಗೆಯೇ. ಬಜೆಟ್‌ನಲ್ಲಿ ಇವನ್ನು ನೇರ ಬಾಬುಗಳಾಗಿ ತೋರಿಸಿ, ಲೆಕ್ಕ ಹಾಕಿದ ರೀತಿಯನ್ನು ಟಿಪ್ಪಣಿಯಲ್ಲಿ ಬರೆಯಿರಿ. ಆಧಾರಕ್ಕೆ ಕೆಲಸದ ಸಮಯದ ದಾಖಲೆ ಬೇಕು: ಯಾರು, ಯಾವ ದಿನ, ಯಾವ ಪ್ರಾಜೆಕ್ಟ್‌ಗೆ ಎಷ್ಟು ಗಂಟೆ. ಒಬ್ಬರ ಸಮಯ ಎಲ್ಲ ದಾನಿಗಳ ಲೆಕ್ಕದಲ್ಲೂ ಸೇರಿ ಶೇ 100 ದಾಟಲೇಬಾರದು. ಒಂದೇ ಸಂಬಳ ಇಬ್ಬರ ಲೆಕ್ಕದಲ್ಲಿ ಕಂಡರೆ ಆಡಿಟರ್ ಬೇರೆ ಯಾವುದನ್ನೂ ನಂಬುವುದಿಲ್ಲ.

ಇಷ್ಟಾದರೂ ಕೊರತೆ ಉಳಿದರೆ ಅದನ್ನು ಯಾವ ಹಣದಿಂದ ತುಂಬುತ್ತೀರಿ ಅಂತ ಸಹಿ ಹಾಕುವ ಮೊದಲೇ ಮಂಡಳಿ ತೀರ್ಮಾನಿಸಲಿ. ಉತ್ತರವಿಲ್ಲದಿದ್ದರೆ ಆ ಅನುದಾನ ಬೇಡ ಅನ್ನುವುದೇ ಸರಿ. ಸಾಮಾನ್ಯ ನಿಧಿಗೆ ಷರತ್ತಿಲ್ಲದ ಸಣ್ಣ ದೇಣಿಗೆಗಳೇ ಆಸರೆ. ಕೊಟ್ಟವರಿಗೆ ಎರಡು ದಿನದೊಳಗೆ ರಸೀದಿ, ಮೂರು ತಿಂಗಳೊಳಗೆ ಹಣ ಏನಾಯಿತು ಅನ್ನುವ ನಾಲ್ಕು ಸಾಲು ತಲುಪಲಿ. ಆ ದೇಣಿಗೆಯಲ್ಲಿ ಹತ್ತರಲ್ಲೊಂದು ಪಾಲನ್ನು ಮೀಸಲಿಗೆ ಎತ್ತಿಡಿ. ಮೊದಲ ಗುರಿ ಮೂರು ತಿಂಗಳ ಕಚೇರಿ ಖರ್ಚು, ಅಂದರೆ 2.7 ಲಕ್ಷ.

ಪ್ರಶ್ನೆ: ಚೆಕ್ ಬರೆಯುವವರೂ ಲೆಕ್ಕ ಬರೆಯುವವರೂ ಒಬ್ಬರೇ ಆದರೆ? ಕಚೇರಿಯಲ್ಲಿರುವುದೇ ಮೂರು ಜನ.

ಉತ್ತರ (ಖಜಾಂಚಿಯಾಗಿ ಕೆಲಸ ಮಾಡುವ ಸದಸ್ಯರು): ಮೂರು ಜನ ಸಾಕು. ಖರ್ಚಿಗೆ ಒಪ್ಪಿಗೆ ಒಬ್ಬರದು, ಪಾವತಿ ಇನ್ನೊಬ್ಬರದು, ದಾಖಲೆ ಮತ್ತೊಬ್ಬರದು. ಇಬ್ಬರೇ ಇದ್ದರೆ ಖಜಾಂಚಿಗೆ ಬ್ಯಾಂಕ್ ಖಾತೆಯನ್ನು ನೋಡಲಷ್ಟೇ ಆಗುವ ಲಾಗಿನ್ ಕೊಡಿಸಿ. ತಿಂಗಳು ಮುಗಿದ ಹತ್ತು ದಿನದೊಳಗೆ ಅವರೇ ಕ್ಯಾಶ್‌ಬುಕ್ಕನ್ನು ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡಿ ಸಹಿ ಮಾಡಲಿ. ಚೆಕ್‌ಗೆ ಇಬ್ಬರ ಸಹಿ ಬೇಕೆನ್ನುವ ನಿಯಮ ಮುರಿದು ಬೀಳುವುದು ಹೆಚ್ಚಾಗಿ ಒಂದು ಕಡೆ: ಊರಿಗೆ ಹೋಗುವ ಮೊದಲು ಒಬ್ಬರು ಖಾಲಿ ಚೆಕ್‌ಗಳಿಗೆ ಸಹಿ ಹಾಕಿಡುತ್ತಾರೆ. ಅದರ ಬದಲು ಸಹಿ ಅಧಿಕಾರವನ್ನು ಮೂವರಿಗೆ ಕೊಟ್ಟು, ಯಾರಾದರೂ ಇಬ್ಬರು ಅಂತ ಠರಾವು ಮಾಡಿ. ಮೂವರೂ ಒಂದೇ ಮನೆಯವರಾಗಿರಬಾರದು. ಚಿಲ್ಲರೆ ಖರ್ಚಿನ ಪೆಟ್ಟಿಗೆಗೆ ಒಂದು ಮೊತ್ತ ನಿಗದಿ ಮಾಡಿ. ಯಾವ ದಿನ ತೆರೆದರೂ ಉಳಿದ ನಗದು ಮತ್ತು ಓಚರ್‌ಗಳು ಕೂಡಿ ಅಷ್ಟೇ ಆಗಬೇಕು.

ಪ್ರಶ್ನೆ (ಮೊದಲು ಕೇಳಿದವರು): ಇಷ್ಟು ವರ್ಷ ಬೇರೆಬೇರೆಯಾಗಿ ಬರೆದೇ ಇಲ್ಲ. ಹಳೆಯದನ್ನು ಎಲ್ಲಿಂದ ಬಿಡಿಸಲಿ?

ಉತ್ತರ (ಲೆಕ್ಕಪತ್ರ ಸಲಹೆಗಾರರು): ಎಲ್ಲ ವರ್ಷ ಬೇಡ. ಈಗ ಚಾಲ್ತಿಯಲ್ಲಿರುವ ಒಪ್ಪಂದಗಳನ್ನಷ್ಟೇ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಬಂದ ಕಂತುಗಳನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಬರೆದುಕೊಳ್ಳಿ, ಆ ಪ್ರಾಜೆಕ್ಟ್‌ನದ್ದೇ ಅಂತ ಬಿಲ್ ತೋರಿಸಬಲ್ಲ ಖರ್ಚನ್ನು ಮಾತ್ರ ಕಳೆಯಿರಿ. ಅನುಮಾನವಿರುವ ಬಿಲ್ ಸಾಮಾನ್ಯ ನಿಧಿಗೆ. ಮೂರೂ ಪ್ರಾಜೆಕ್ಟ್‌ಗಳ ಶಿಲ್ಕು ಕೂಡಿದ ಮೊತ್ತ ಬ್ಯಾಂಕಿನಲ್ಲಿರುವುದಕ್ಕಿಂತ ಹೆಚ್ಚಾದರೆ ಆ ವ್ಯತ್ಯಾಸ ಈಗಾಗಲೇ ಬೇರೆಡೆ ಖರ್ಚಾಗಿದೆ ಎಂದರ್ಥ. ಆ ಅಂಕಿಯನ್ನು ಈ ತಿಂಗಳೇ ಮಂಡಳಿಯ ಮುಂದಿಡಿ, ತುಂಬುವ ದಿನಾಂಕ ಗೊತ್ತುಮಾಡಿ, ಮುಂದಿನ ವರದಿ ಕಳಿಸುವ ಮೊದಲೇ ಸಂಬಂಧಪಟ್ಟ ದಾನಿಗೆ ಪತ್ರ ಬರೆಯಿರಿ.