ಮಗಳ ಗಿಟಾರಿಗೆ ಯಾವ ಮಾಡೆಲಿಂಗ್ ಆಂಪ್? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರ ಅನುಭವ

ಕೇಳಿದವರು: ಎಸ್‌ಐಟಿ ಬಡಾವಣೆ, ತುಮಕೂರು

ನಮಸ್ಕಾರ. ನನಗೆ ಗಿಟಾರ್ ಬಾರದು, ಮಗಳಿಗಾಗಿ ಕೇಳುತ್ತಿದ್ದೇನೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಕೊಡಿಸುತ್ತೇನೆ ಎಂದಿದ್ದೆ, ಎಲೆಕ್ಟ್ರಿಕ್ ಗಿಟಾರ್ ಮನೆಗೆ ಬಂದಿದೆ. ಇನ್ನು ಆಂಪ್, ಅಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ, ಆಗಬೇಕು. 20,000 ರೂಪಾಯಿಯೊಳಗೆ ಮುಗಿಸುವ ಆಸೆ. ನಮ್ಮ ಗೋಡೆಗೂ ಪಕ್ಕದ ಮನೆಯ ಗೋಡೆಗೂ ನಡುವೆ ಒಂದು ಗೇಣು ಜಾಗವಿಲ್ಲ. ನಮ್ಮ ತಾಯಿ ರಾತ್ರಿ ಎಂಟೂವರೆಗೆಲ್ಲ ಮಲಗುತ್ತಾರೆ. ಅಂಗಡಿಯವರು ‘ಮಾಡೆಲಿಂಗ್ ಆಂಪ್ ತೆಗೆದುಕೊಳ್ಳಿ, ನೂರು ಬಗೆಯ ಧ್ವನಿ ಬರುತ್ತದೆ’ ಎನ್ನುತ್ತಾರೆ. ಕಲಿಯುವ ಹುಡುಗಿಗೆ ನೂರು ಬಗೆ ಏಕೆ? 20 ವ್ಯಾಟ್ ಸಾಕೇ, 50 ಬೇಕೇ? ಅಷ್ಟಕ್ಕೂ ಮನೆಯಲ್ಲಿರುವ ಹೋಮ್ ಥಿಯೇಟರಿಗೇ ಗಿಟಾರ್ ಚುಚ್ಚಿದರೆ ಆಗದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಕ್ಯಾತಸಂದ್ರದಿಂದ

ಸರ್, ಹೋಮ್ ಥಿಯೇಟರಿನ ಮಾತು ಮೊದಲು ಮುಗಿಸೋಣ. ಬೇಡ. ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಹುಟ್ಟಿಸುವ ಸಂಕೇತ ಬಹಳ ಕ್ಷೀಣವಾದದ್ದು. ಅದನ್ನು ಪಡೆಯುವ ಉಪಕರಣದ ಇಂಪೀಡೆನ್ಸ್ (ಸಂಕೇತಕ್ಕೆ ಒಡ್ಡುವ ವಿದ್ಯುತ್ ತಡೆ) ಸುಮಾರು 1 ಮೆಗಾಓಮ್ ಇದ್ದರೆ ಮಾತ್ರ ತಂತಿಯ ಹೊಳಪು ಉಳಿಯುತ್ತದೆ. ಹಾಡು ಕೇಳುವ ಉಪಕರಣಗಳಲ್ಲಿ ಅದು ಸಾಮಾನ್ಯವಾಗಿ ಕೆಲವು ಹತ್ತು ಕಿಲೊಓಮ್ ಮಾತ್ರ. ಚುಚ್ಚಿದರೆ ಕಂಬಳಿಯೊಳಗಿಂದ ಬಂದಂತೆ ಮಂಕಾಗಿ ಕೇಳುತ್ತದೆ. ಇನ್ನೊಂದು ಕಾರಣವೂ ಇದೆ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನದನ್ನು ಹೆಚ್ಚಾಗಿ ಹೊರಗೆ ಬಿಡುವುದಿಲ್ಲ. ಹಾಡು ಕೇಳುವ ಸ್ಪೀಕರ್ ಎಲ್ಲವನ್ನೂ ಬಿಡುತ್ತದೆ. ಧ್ವನಿಯನ್ನು ಒಡೆಯುವ ಡಿಸ್ಟಾರ್ಷನ್ ಪೆಡಲನ್ನು ನೇರವಾಗಿ ಅಂಥದ್ದಕ್ಕೆ ಸೇರಿಸಿ ಐದು ನಿಮಿಷ ಕೇಳಿದರೆ ಸಾಕು, ನಿಮ್ಮ ತಾಯಿಯವರೇ ಬಂದು ತಂತಿ ಕೀಳುತ್ತಾರೆ.

ಇನ್ನು ನೂರು ಬಗೆಯ ಧ್ವನಿ. ನಿಮ್ಮ ತಾಯಿ ವಾಲ್ವ್ ರೇಡಿಯೊ ನೋಡಿರುತ್ತಾರೆ. ಗುಂಡಿ ಒತ್ತಿದ ಮೇಲೆ ಅದು ಕಾದು ಮಾತಾಡಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಹಳೆಯ ಗಿಟಾರ್ ಆಂಪ್‌ಗಳಲ್ಲಿ ಇದ್ದದ್ದೂ ಅಂಥ ವಾಲ್ವ್‌ಗಳೇ. ಅವನ್ನು ಮಿತಿಮೀರಿ ದುಡಿಸಿದಾಗ ಧ್ವನಿ ಒಡೆಯುತ್ತದೆ, ರಾಕ್ ಸಂಗೀತದವರು ಬೆನ್ನು ಹತ್ತಿದ್ದು ಆ ಒಡಕಿಗಾಗಿಯೇ. ಆದರೆ ಆ ಒಡಕು ಬರಬೇಕಾದರೆ ಬೀದಿಗೆಲ್ಲ ಕೇಳುವಷ್ಟು ಏರಿಸಬೇಕಾಗುತ್ತಿತ್ತು. ಮಾಡೆಲಿಂಗ್ ಆಂಪ್ ಅದೇ ವರ್ತನೆಯನ್ನು ಒಳಗಿನ ಚಿಪ್‌ನಲ್ಲಿ ಲೆಕ್ಕ ಹಾಕಿ ತೆಗೆಯುತ್ತದೆ. ಹಾಗಾಗಿ ಒಡಕು ಎಷ್ಟಿರಬೇಕು, ಸದ್ದು ಎಷ್ಟಿರಬೇಕು ಎನ್ನುವುದು ಎರಡು ಬೇರೆ ಬೇರೆ ನಾಬ್‌ಗಳ ಕೆಲಸವಾಯಿತು. ಒಂದು ಗೇಣೂ ಜಾಗವಿಲ್ಲದ ಗೋಡೆಯವರಿಗೆ ಮಾಡೆಲಿಂಗ್ ಬೇಕಾಗುವುದು ಇದಕ್ಕೆ, ನೂರು ಬಗೆಗಲ್ಲ. ಆ ನೂರರಲ್ಲಿ ನಿಮ್ಮ ಮಗಳು ನಾಲ್ಕನ್ನು ಬಳಸಿದರೆ ಹೆಚ್ಚು.

ವ್ಯಾಟ್ ಲೆಕ್ಕದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡಿ. 25 ವ್ಯಾಟಿನಿಂದ 50 ವ್ಯಾಟಿಗೆ ಹೋದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಕೋಣೆಯಲ್ಲಿ ನುಡಿಸುವಾಗ ಒಂದು ವ್ಯಾಟ್ ಕೂಡ ಪೂರ್ತಿ ಖರ್ಚಾಗುವುದಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ನಾವು ಮಾತಾಡುವಷ್ಟು ಸದ್ದಿನಲ್ಲಿ ಇದು ಹೇಗೆ ಕೇಳುತ್ತದೆ? ಸದ್ದು ಇಳಿದಂತೆ ನಮ್ಮ ಕಿವಿಗೆ ಮಂದ್ರವೂ ತಾರವೂ ನಡುವಿನ ಸ್ವರಗಳಿಗಿಂತ ಬೇಗ ಕಡಿಮೆಯಾಗುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಅಂಗಡಿಯಲ್ಲಿ ಗುಡುಗಿದ ಆಂಪ್ ಮನೆಯಲ್ಲಿ ತಗಡಿನಂತೆ ಕೇಳುವುದು ಈ ಕಾರಣಕ್ಕೆ. ಇಳಿಸಿದ ಸದ್ದಿನಲ್ಲಿ ದೊಡ್ಡ ಸ್ಪೀಕರ್ ಸ್ವಲ್ಪ ಮೈ ಉಳಿಸಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ವ್ಯಾಟ್ ನೋಡುವ ಬದಲು ಸ್ಪೀಕರಿನ ಇಂಚು ನೋಡಿ.

ನನ್ನ ಮಟ್ಟಿಗೆ ಹೇಳುವುದಾದರೆ, ನಿಮ್ಮ ಮೊತ್ತದ ಆಸುಪಾಸಿನಲ್ಲಿ ಫೆಂಡರ್ ಮಸ್ಟ್ಯಾಂಗ್ ಎಲ್‌ಟಿ 25 ಮೊದಲು ಕೇಳಿ ನೋಡಬೇಕಾದದ್ದು. 8 ಇಂಚಿನ ಸ್ಪೀಕರ್, ಪುಟ್ಟ ಬಣ್ಣದ ಪರದೆ, ಹೆಡ್‌ಫೋನ್ ತೂತು, ಕಂಪ್ಯೂಟರಿಗೆ ಯುಎಸ್‌ಬಿ ಇದೆ. ಬ್ಲೂಟೂತ್ ಇಲ್ಲ, ಅದರಿಂದ ನಷ್ಟವೂ ಇಲ್ಲ. ಬಾಸ್ ಕಂಪನಿಯ ಕಟಾನಾ 50 ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. 12 ಇಂಚಿನ ಸ್ಪೀಕರ್, ಜತೆಗೆ 50 ವ್ಯಾಟನ್ನು 25ಕ್ಕೆ ಅಥವಾ ಅರ್ಧ ವ್ಯಾಟಿಗೆ ಇಳಿಸುವ ಸ್ವಿಚ್. ಆ ಅರ್ಧ ವ್ಯಾಟ್ ನಿಮ್ಮಂಥ ಮನೆಗೆಂದೇ ಮಾಡಿಟ್ಟ ಹಾಗಿದೆ. ಆದರೆ ಹೊಸದು ನಿಮ್ಮ ಮೊತ್ತವನ್ನು ದಾಟುತ್ತದೆ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್‌ನಿಂದ

ಸರ್, ಕ್ಯಾತಸಂದ್ರದ ಅಣ್ಣನವರು ಹೇಳಿದ್ದು ಸರಿ, ಆದರೆ ಅವರು ಆಂಪ್ ಇಟ್ಟ ಜಾಗದಿಂದ ಕದಲಿಸುವವರಲ್ಲ ಎಂದು ಕಾಣುತ್ತದೆ. ಕಟಾನಾ 50 ಹನ್ನೊಂದು ಕಿಲೊಗಿಂತ ಹೆಚ್ಚು ತೂಗುತ್ತದೆ. ನಾನು ಚರ್ಚಿನಲ್ಲಿ ನುಡಿಸುವವನು, ಮನೆಯಿಂದ ಚರ್ಚಿಗೆ, ಅಲ್ಲಿಂದ ಅಭ್ಯಾಸದ ಕೋಣೆಗೆ ಸ್ಕೂಟರಿನಲ್ಲಿ ಓಡಾಡುವವನು. ನನ್ನ ಆಯ್ಕೆ ರೋಲ್ಯಾಂಡ್ ಮೈಕ್ರೊ ಕ್ಯೂಬ್. 5 ಇಂಚಿನ ಸ್ಪೀಕರ್ ಅಷ್ಟೇ, ನಿಜ. ಆದರೆ 6 ಎಎ ಬ್ಯಾಟರಿ ಹಾಕಿದರೆ ಎಲ್ಲಿ ಬೇಕಾದರೂ ನುಡಿಯುತ್ತದೆ. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ತರಿಸಿಕೊಂಡ ಊರು ನಮ್ಮದು ಎಂದು ಹಿರಿಯರು ಇವತ್ತಿಗೂ ಹೆಮ್ಮೆ ಪಡುತ್ತಾರೆ. ಹೆಮ್ಮೆ ಇರಲಿ, ಬ್ಯಾಟರಿಯೂ ಇರಲಿ.

ವಿದ್ಯುತ್ ಬಗ್ಗೆ ಯಾರೂ ಹೇಳದ ಮಾತುಗಳಿವೆ. ಮೊದಲನೆಯದು ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಅಂಥ ಕಡೆ ಆಂಪ್ ‘ಗುಂಯ್’ ಎನ್ನುತ್ತಲೇ ಇರುತ್ತದೆ, ಗಿಟಾರಿನ ತಂತಿ ಮುಟ್ಟಿದರೆ ಕೈಗೆ ಜುಮ್ಮೆನ್ನಲೂಬಹುದು. ಆಂಪ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಯ ಸಾಕೆಟ್ ಪರೀಕ್ಷಿಸಿಬಿಡಿ. ಎರಡನೆಯದು, ಮನೆಯ ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್ ಬಗೆಯದಾದರೆ ಕರೆಂಟ್ ಹೋದಾಗ ಆಂಪಿನಲ್ಲಿ ಕರಕರ ಸದ್ದು ಸೇರಿಕೊಳ್ಳುತ್ತದೆ. ಸೈನ್ ವೇವ್ ಆದರೆ ತೊಂದರೆ ಕಡಿಮೆ. ಮೂರನೆಯದು ದೊಡ್ಡದು. ‘ಅಮೆರಿಕದಲ್ಲಿರುವ ತಮ್ಮ ತರುತ್ತಾನೆ, ಅಗ್ಗ’ ಎಂದು ಯಾರಾದರೂ ಹೇಳಿದರೆ ಹಿಂಬದಿಯ ಚೀಟಿ ಓದಿಸಿ. ಅಲ್ಲಿ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣ ಒಳಗಿನದು ಸುಟ್ಟುಹೋಗುತ್ತದೆ. ನಮ್ಮ ಗಾಯನ ತಂಡದ ಒಬ್ಬರ ಆಂಪ್ ಒಂದು ಸ್ವರವನ್ನೂ ನುಡಿಯದೆ ಹೀಗೆ ತೀರಿಹೋಯಿತು. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ.

ಚಿಂತಾಮಣಿಯಿಂದ

ಆಂಪ್ ಏಕೆ ಬೇಕು ಎಂದೇ ನಾನು ಕೇಳುತ್ತೇನೆ. ಮಗಳು ಪದವಿಗೆ ಸೇರುತ್ತಾಳೆ, ಲ್ಯಾಪ್‌ಟಾಪ್ ಹೇಗೂ ಬರುತ್ತದೆ. ಗಿಟಾರ್ ಇನ್‌ಪುಟ್ ಇರುವ ಸಾಧಾರಣ ಆಡಿಯೊ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಒಂದು, ಒಳ್ಳೆಯ ಹೆಡ್‌ಫೋನ್ ಒಂದು ತೆಗೆದುಕೊಂಡರೆ ಸಾಕು. ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಪೂರ್ತಿ ಉಚಿತ, ಅದರ ಮೂಲಸಂಕೇತವೂ ಮುಕ್ತ. ನಿಜವಾದ ಆಂಪ್‌ಗಳ ವರ್ತನೆಯನ್ನು ಕಂಪ್ಯೂಟರಿಗೆ ಕಲಿಸಿ ಮಾಡಿದ ಮಾದರಿಗಳನ್ನು ಜನರು ಉಚಿತವಾಗಿ ಹಂಚಿಕೊಳ್ಳುತ್ತಾರೆ. ಈ ಬೆಲೆಯ ಯಾವ ಪೆಟ್ಟಿಗೆಯೂ ಅದರ ಹತ್ತಿರ ಬರುವುದಿಲ್ಲ ಎಂಬುದು ನನ್ನ ಕಿವಿಯ ತೀರ್ಪು.

ಕಷ್ಟ ಒಂದೇ, ವಿಳಂಬ. ತಂತಿ ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಅಂತರ ಬಿದ್ದರೆ ಬೆರಳು ತಡಬಡಾಯಿಸುತ್ತದೆ. ವಿಂಡೋಸ್ ಆದರೆ ವಿಳಂಬ ತಗ್ಗಿಸುವ ಎಎಸ್‌ಐಒ ಡ್ರೈವರ್ ಹಾಕಲೇಬೇಕು. 48 ಕಿಲೊಹರ್ಟ್ಸ್‌ನಲ್ಲಿ ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಧ್ವನಿಯ ತುಣುಕುಗಳ ಸಂಖ್ಯೆ) 128 ಇಟ್ಟರೆ ಆ ಹಂತದ ವಿಳಂಬ ಸುಮಾರು 2.7 ಮಿಲಿಸೆಕೆಂಡ್. ಹೋಗಿ ಬರುವ ಒಟ್ಟು ಲೆಕ್ಕ ಅದಕ್ಕಿಂತ ಹೆಚ್ಚು, ಆದರೂ ನುಡಿಸಲು ಅಡ್ಡಿಯಾಗುವುದಿಲ್ಲ.

ಎಸ್‌ಐಟಿ ಬಡಾವಣೆಯಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಸಾಕೆಟ್ ಪರೀಕ್ಷೆ ಮಾಡಿಸಿದೆ, ಅರ್ಥಿಂಗ್ ಇದೆ. ಈಗ ಮಗಳ ಕಡೆಯಿಂದ ಎರಡು ಪ್ರಶ್ನೆ. ಅವಳ ಬಳಿ ಈಗಾಗಲೇ ಬ್ಲೂಟೂತ್ ಇಯರ್‌ಫೋನ್ ಇದೆ, ರಾತ್ರಿ ಅದನ್ನೇ ಬಳಸಬಹುದೇ? ಫೋನಿನಿಂದ ನಡೆಯುವ ಪಾಸಿಟಿವ್ ಗ್ರಿಡ್ ಕಂಪನಿಯ ಸ್ಪಾರ್ಕ್ ಆಂಪ್ ಬೇಕು ಎಂದು ಅವಳ ಗೆಳತಿ ತಲೆ ತುಂಬಿದ್ದಾಳೆ. ಅದು ಹೇಗೆ?

ಸೋಮೇಶ್ವರಪುರಂ, ತುಮಕೂರಿನಿಂದ

ನಾನು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಬ್ಲೂಟೂತ್ ಇಯರ್‌ಫೋನ್ ಆಗುವುದಿಲ್ಲ ಸರ್. ಚಿಂತಾಮಣಿಯವರು ಮಿಲಿಸೆಕೆಂಡ್‌ಗಳಲ್ಲಿ ಹೇಳಿದ ವಿಳಂಬ ಸಾಮಾನ್ಯ ಬ್ಲೂಟೂತ್ ಇಯರ್‌ಫೋನಿನಲ್ಲಿ ನೂರನ್ನೂ ದಾಟುತ್ತದೆ. ಆಂಪ್‌ಗಳಲ್ಲಿರುವ ಬ್ಲೂಟೂತ್ ಸಾಮಾನ್ಯವಾಗಿ ಫೋನಿನಿಂದ ಹಾಡು ಹಾಕಿಕೊಂಡು ಜತೆಗೆ ನುಡಿಸುವುದಕ್ಕೆ. ಕೇಳುವುದಕ್ಕೆ ತಂತಿಯ ಹೆಡ್‌ಫೋನೇ ಬೇಕು. ಆಂಪಿನ ತೂತು ಕೆಲವದರಲ್ಲಿ 3.5 ಮಿಲಿಮೀಟರ್, ಕೆಲವದರಲ್ಲಿ 6.35. ಹೊಂದದಿದ್ದರೆ ಸ್ಟೀರಿಯೊ ಅಡಾಪ್ಟರ್ ಕೇಳಿ ತೆಗೆದುಕೊಳ್ಳಿ, ಮೋನೊ ಕೊಟ್ಟರೆ ಒಂದು ಕಿವಿಯಲ್ಲಿ ಮಾತ್ರ ಕೇಳುತ್ತದೆ.

ಸ್ಪಾರ್ಕ್ 40 ಕೆಟ್ಟದ್ದಲ್ಲ. 4 ಇಂಚಿನ ಎರಡು ಸ್ಪೀಕರ್, ಕಡಿಮೆ ಸದ್ದಿನಲ್ಲೂ ತುಂಬಿದಂತೆ ಕೇಳುತ್ತದೆ, ಹಾಡು ಕೇಳಲೂ ಚೆನ್ನ. ಯಮಹಾದ ಟಿಎಚ್‌ಆರ್ ಸರಣಿಯೂ ಅದೇ ಜಾತಿಯದು, ಮೇಜಿನ ಮೇಲಿಟ್ಟು ನುಡಿಸುವಂಥದ್ದು, ನನಗೆ ಅದರ ಕ್ಲೀನ್ (ಒಡಕಿಲ್ಲದ) ಧ್ವನಿ ಹೆಚ್ಚು ಇಷ್ಟ. ನನ್ನ ತಕರಾರು ಫೋನಿನದು. ಆ್ಯಪ್ ತೆರೆದ ಹುಡುಗರು ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ಧ್ವನಿ) ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯುತ್ತಾರೆ, ನಡುವೆ ಒಂದು ಸಂದೇಶ ಬಂದರೆ ಉಳಿದರ್ಧ ಗಂಟೆಯೂ ಹೋಯಿತು. ಇನ್ನೊಂದು ಅಪಾಯವಿದೆ. ನನ್ನ ವಿದ್ಯಾರ್ಥಿಯೊಬ್ಬ ಹೊಸ ಫೋನ್ ಕೊಂಡ ಮೇಲೆ ಅವನ ಹಳೆಯ ಆಂಪಿನ ಆ್ಯಪ್ ಅದರಲ್ಲಿ ತೆರೆಯಲೇ ಇಲ್ಲ. ಕಂಪನಿಯ ಹೆಸರು ಬೇಡ. ಆಂಪ್ ಗಟ್ಟಿಯಾಗಿಯೇ ಇತ್ತು, ಅರ್ಧ ಸೌಲಭ್ಯಗಳು ಮಾತ್ರ ಕೈಗೆ ಸಿಗದೆ ಹೋದವು. ಆದ್ದರಿಂದ ಫೋನ್ ಇಲ್ಲದೆಯೂ ನಾಬ್ ತಿರುಗಿಸಿ ಗೇನ್ (ಒಡಕಿನ ಪ್ರಮಾಣ), ಬೇಸ್ (ಮಂದ್ರ), ಮಿಡ್ (ನಡು), ಟ್ರೆಬಲ್ (ತಾರ), ರಿವರ್ಬ್ (ಅನುರಣನ) ಹೊಂದಿಸಲು ಬರುವಂಥದ್ದನ್ನೇ ಆರಿಸಿ.

ಲ್ಯಾಪ್‌ಟಾಪ್ ಸಲಹೆಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಧ್ವನಿ ಉತ್ತಮ ಎಂಬುದು ನಿಜ. ಆದರೆ ಕಲಿಯುವವರಿಗೆ ಗಿಟಾರ್ ಎತ್ತಿಕೊಂಡ ಕೂಡಲೇ ಸದ್ದು ಬರಬೇಕು. ಲ್ಯಾಪ್‌ಟಾಪ್ ತೆರೆದು, ಡ್ರೈವರ್ ಸರಿಮಾಡಿ, ತಂತ್ರಾಂಶ ಏಳುವ ಹೊತ್ತಿಗೆ ಉತ್ಸಾಹ ಮಲಗಿರುತ್ತದೆ. ಮಗಳಿಗೆ ಹೇಳಿ: ಮೊದಲ ಕೆಲವು ತಿಂಗಳು ದಿನದ ಅಭ್ಯಾಸದ ಹೆಚ್ಚು ಪಾಲು ಕ್ಲೀನ್ ಧ್ವನಿಯಲ್ಲಿ, ರಿವರ್ಬ್ ಕೂಡ ಇಲ್ಲದೆ ನಡೆಯಲಿ. ಗೇನ್ ಏರಿಸಿದರೆ ಮೀಟಿನ ಏರುಪೇರು ಮುಚ್ಚಿಹೋಗುತ್ತದೆ, ಕ್ಲೀನಿನಲ್ಲಿ ಪ್ರತಿ ಬೆರಳಿನ ಲೆಕ್ಕ ಸಿಗುತ್ತದೆ. ನನ್ನ ಪಾಠಕ್ಕೆ ಬರುವವರಿಗೆ ಈ ಮಾತು ಹಿಡಿಸುವುದಿಲ್ಲ, ಮೆಟಲ್ ನುಡಿಸಲು ಬಂದವರಿಗಂತೂ ಸಿಟ್ಟೇ ಬರುತ್ತದೆ.

ಕ್ಯಾತಸಂದ್ರದಿಂದ ಮತ್ತೆ

ಮೇಡಂ ಹೇಳಿದ ನಾಬ್‌ಗಳ ಮಾತಿಗೆ ನನ್ನದೂ ಒಪ್ಪಿಗೆ. ಅದೇ ಅಳತೆ ಹಿಡಿದರೆ ಎಲ್‌ಟಿ 25ಕ್ಕಿಂತ ಕಟಾನಾಗೆ ಹೆಚ್ಚು ಅಂಕ, ಏಕೆಂದರೆ ಎಲ್‌ಟಿಯಲ್ಲಿ ಕೆಲವು ಕೆಲಸಕ್ಕೆ ಪರದೆಯ ಮೆನುವಿನೊಳಗೆ ಹೋಗಬೇಕು.

ಸರ್, ಬಳಸಿದ ಆಂಪ್ ನೋಡಲು ಮನಸ್ಸಿದ್ದರೆ ಕಟಾನಾ ನಿಮ್ಮ ಮೊತ್ತಕ್ಕೆ ಇಳಿದು ಬರಬಹುದು. ಮೊದಲ ಕಟಾನಾ 2016ರದು, ಎರಡನೆಯ ತಲೆಮಾರಿನ ಎಂಕೆ 2 ಬಂದದ್ದು 2019ರಲ್ಲಿ, ಮೂರನೆಯ ತಲೆಮಾರು 2024ರಲ್ಲಿ. ಹೊಸದು ಬಂದಾಗಲೆಲ್ಲ ಹಳೆಯದನ್ನು ಮಾರುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಎಂಕೆ 2 ಮನೆಗೆ ಧಾರಾಳವಾಗಿ ಸಾಕು. ನೋಡಲು ಹೋದಾಗ ಪ್ರತಿಯೊಂದು ನಾಬ್ ತಿರುಗಿಸಿ, ಕರಕರ ಎಂದರೆ ಒಳಗೆ ದೂಳು ಕೂತಿದೆ ಎಂದು ಅರ್ಥ, ಅದರ ನೆಪದಲ್ಲಿ ಬೆಲೆ ಇಳಿಸಬಹುದು. ಯುಎಸ್‌ಬಿ ತೂತಿಗೆ ತಂತಿ ಹಾಕಿ ಕಂಪ್ಯೂಟರ್ ಅದನ್ನು ಗುರುತಿಸುತ್ತದೆಯೇ ನೋಡಿ. ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ನಿಲ್ಲಬೇಕು, ತೆಗೆದಾಗ ಮತ್ತೆ ನುಡಿಯಬೇಕು. ಗಿಟಾರ್ ಚುಚ್ಚದೆ ಸದ್ದನ್ನು ಪೂರ್ತಿ ಏರಿಸಿ ಒಂದು ನಿಮಿಷ ಸುಮ್ಮನೆ ಕೇಳಿ. ಸಣ್ಣ ಉಸಿರಿನಂಥ ಸದ್ದು ಸಹಜ, ಗುಡುಗುವಂಥ ಹಮ್ ಇದ್ದರೆ ಹಿಂದಿರುಗಿ ಬನ್ನಿ.

ಅಂಗಡಿಗೇ ಹೋಗುವುದಾದರೆ ಮಗಳನ್ನೂ ಅವಳ ಗಿಟಾರನ್ನೂ ಕರೆದುಕೊಂಡು ರೈಲು ಹತ್ತಿ. ಅಲ್ಲಿನ ದುಬಾರಿ ಗಿಟಾರಿನಲ್ಲಿ ಅಂಗಡಿಯ ಹುಡುಗ ನುಡಿಸಿ ತೋರಿಸಿದರೆ ಎಲ್ಲ ಆಂಪೂ ಚೆನ್ನಾಗಿಯೇ ಕೇಳುತ್ತದೆ. ಸದ್ದನ್ನು ಮಾತಿನ ಮಟ್ಟಕ್ಕೆ ಇಳಿಸಿ, ಎಲ್ಲ ಎಫೆಕ್ಟ್ ತೆಗೆಸಿ, ಅವಳೇ ನುಡಿಸಲಿ. ಸಂಕೋಚ ಬೇಡ, ನಾಲ್ಕು ಸ್ವರ ಬಂದರೆ ಸಾಕು. ಕೇಬಲ್‌ಗೆ ಒಂದಿಷ್ಟು ಹಣ ಬೇರೆ ಎತ್ತಿಡಿ. ಮನೆಗೆ 3 ಮೀಟರ್ ಸಾಕು. ಆಂಪ್ ಜತೆಗೆ ಉಚಿತವಾಗಿ ಕೊಡುವ ತೆಳ್ಳನೆಯ ಕೇಬಲ್‌ನಿಂದಲೇ ಎಷ್ಟೋ ಮನೆಗಳಲ್ಲಿ ‘ಆಂಪ್ ಕೆಟ್ಟಿದೆ’ ಎಂಬ ದೂರು ಹುಟ್ಟುತ್ತದೆ. ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ನಮ್ಮ ಮನೆಗೂ ಬನ್ನಿ. ಎಲ್‌ಟಿ 25 ನನ್ನದೇ ಇದೆ, ಪಕ್ಕದ ಬೀದಿಯ ಗೆಳೆಯನ ಕಟಾನಾ ತರಿಸಿಡುತ್ತೇನೆ. ಹತ್ತು ಗಂಟೆಯ ಮೇಲಾದರೆ ನಮ್ಮ ಪಕ್ಕದ ಮನೆಯವರೂ ಏನೂ ಅನ್ನುವುದಿಲ್ಲ.