ಬೀಡಿನ (ಎರಕದ ಕಬ್ಬಿಣದ) ಪಂಪ್ ಬಾಡಿ ವೆಲ್ಡ್ ಮಾಡಿಸಿದ್ರ ಪಕ್ಕದಾಗ ಸೀಳ್ತೈತಿ, ಯಾವ ರಾಡ್ ಹಾಕಬೇಕು?

ಕಾರಟಗಿ_ರೈತ:
ನಮಸ್ಕಾರ್ರಿ ಎಲ್ಲರಿಗೂ. ಕಾಲುವಿ ನೀರು ಎತ್ತೋ ಡೀಜಲ್ ಪಂಪಿನ ಬಾಡಿ ಕಾಲು ಬೋಲ್ಟ್ ತೂತಿನ ಹತ್ರ ಸೀಳೈತಿ, ನಾಕು ಇಂಚು ಮ್ಯಾಲೆ ಹೋಗೈತಿ. ಇಲ್ಲೇ ವೆಲ್ಡಿಂಗ್ ಮಾಡಿಸಿದ್ವಿ, ಗೇಟಿಗೆ ಹಾಕೋ ರಾಡೇ ಹಾಕಿದ್ರು, ನೋಡಾಕ ಚಲೋನ ಇತ್ತು, ಆರೋ ಹೊತ್ತಿಗೆ ಟಣ್ ಅಂತ ಸದ್ದು ಬಂತು ನೋಡಿದ್ರ ವೆಲ್ಡ್ ಹಂಗ ಐತಿ ಅದರ ಪಕ್ಕದಾಗ ಹೊಸಾ ಸೀಳು. ಈಗ ಅಲ್ಲಿ ಡ್ರಿಲ್ ಹಾಕಿದ್ರ ಬಿಟ್ ಜಾರ್ತೈತಿ. ಒಬ್ರು ಬೀಡು ಅಂತಾರ ಒಬ್ರು ಸ್ಟೀಲ್ ಕಾಸ್ಟಿಂಗ್ ಅಂತಾರ, ಮ್ಯಾಗ್ನೆಟ್ ಅಂತೂ ಹಿಡಿತೈತಿ. ನಾಟಿ ಟೈಮ್ ಬಂತು, ಏನ್ ಮಾಡ್ಲಿ?

ಲೇತ್_ಗಂಗಾವತಿ:
ಅಣ್ಣಾರ, ಮ್ಯಾಗ್ನೆಟ್ ಬಿಡ್ರಿ, ಬೀಡಿಗೂ ಹಿಡಿತೈತಿ ಸ್ಟೀಲಿಗೂ ಹಿಡಿತೈತಿ. ಸುತ್ತಿಗಿಲೆ ಬಡದು ಸದ್ದು ಕೇಳೋದೂ ಇಲ್ಲಿ ನಡಿಯಂಗಿಲ್ಲ, ಸೀಳಿದ್ದು ಯಾವ ಲೋಹ ಆದ್ರೂ ಸದ್ದು ಸತ್ತಿರ್ತೈತಿ. ವೆಲ್ಡ್‌ನಿಂದ ದೂರ ಕಾಲಿನ ತಳಕ್ಕ ಸಣ್ಣ ಡ್ರಿಲ್ ಹಾಕ್ರಿ. ಸುರುಳಿ ಬಂದ್ರ ಸ್ಟೀಲು, ಪುಡಿ ಬಂದು ಬೆರಳಿಗೆ ಕರ್ರಗ ಮೆತ್ತಿದ್ರ ಬೀಡು, ಆ ಕರಿ ಅದರೊಳಗಿನ ಗ್ರಾಫೈಟು. ಆಮ್ಯಾಲೆ ಗ್ರೈಂಡರ್ ಹಿಡದು ಕಿಡಿ ನೋಡ್ರಿ, ಬೀಡಿಂದು ಕೆಂಪಗ ಮಂಕಾಗಿ ಕಲ್ಲಿನ ಹತ್ರಾನ ಸಾಯ್ತಾವ, ಸ್ಟೀಲಿಂದು ಬೆಳ್ಳಗ ಉದ್ದಕ ಹಾರ್ತಾವ.

ಕಾರಟಗಿ_ರೈತ:
ಪುಡೀನ ಬಂತ್ರಿ, ಕೈ ಪೂರಾ ಕರ್ರಗಾತು. ಕಿಡೀನೂ ಗಿಡ್ಡ, ಕೆಂಪಗ.

ಲೇತ್_ಗಂಗಾವತಿ:
ಹಂಗಾರ ಗ್ರೇ ಬೀಡು. ಇದರಾಗ ಇಂಗಾಲ ಸುಮಾರು 2.5ರಿಂದ 4 ಪರ್ಸೆಂಟ್ ಇರ್ತೈತಿ, ಗೇಟಿನ ಕಬ್ಬಿಣದಾಗ 0.25ಕ್ಕಿಂತ ಕಮ್ಮಿ. ಮಾಮೂಲಿ ರಾಡ್ ಹಾಕಿದಾಗ ಆ ಇಂಗಾಲ ವೆಲ್ಡಿಗೆ ಏರಿ, ಸುತ್ತಲಿನ ಬೀಡೂ ದಿಢೀರ್ ಆರಿ ಗಾಜಿನಂಗ ಗಡಸು ಆಗ್ತೈತಿ, ಅದಕ್ಕ ಬಿಟ್ ಜಾರೋದು. ವೆಲ್ಡ್ ಆರುವಾಗ ಕುಗ್ತೈತಿ, ಬೀಡಿಗೆ ಎಳದ್ರ ಹಿಗ್ಗೋ ಗುಣ ಇಲ್ಲ, ಪಕ್ಕದಾಗ ಸೀಳ್ತೈತಿ.

ಹಳೇ ವೆಲ್ಡ್ ಪೂರಾ ಗ್ರೈಂಡ್ ಮಾಡಿ ತಗೀರಿ, ಚೂರೂ ಉಳೀಬಾರ್ದು. ಸೀಳಿನ ತುದಿ ಕಣ್ಣಿಗೆ ಕಾಣಂಗಿಲ್ಲ, ಸೀಮೆಎಣ್ಣಿ ಸವರಿ ಒರಸಿ ಮ್ಯಾಲೆ ಚಾಕ್‌ಪೀಸ್ ತಿಕ್ರಿ, ಎಣ್ಣಿ ಚಾಕಿಗೆ ಏರಿ ಗೆರಿ ಮೂಡ್ತೈತಿ, ಗೆರಿ ಮುಗಿಯೋ ಕಡೆ 3 ಎಂಎಂ ತೂತು ಹೊಡೀರಿ, ಇಲ್ಲಂದ್ರ ವೆಲ್ಡಿನ ಮುಂದ ಮುಂದ ಸೀಳು ಓಡ್ತೈತಿ. ಸೀಳಿನ ಗುಂಟ ವಿ ಆಕಾರದ ತಗ್ಗು ಬಿಡಸ್ರಿ, ಗ್ಯಾಸಿಲೆ ಕಾಸಿ ಒಳಗ ಕುಡದಿರೋ ಎಣ್ಣಿ ಸುಡ್ರಿ. ಅದು ಆರಿದ ಮ್ಯಾಲೆ ಬೀಡಿನ ನಿಕಲ್ ರಾಡ್, 55 ಪರ್ಸೆಂಟ್ ನಿಕಲ್ ಇರೋದು ಸಾಕು, 2.5 ಎಂಎಂ, ಕರೆಂಟ್ ಕಮ್ಮಿ. ಒಂದಿಂಚು ಹಾಕೋದು, ಕೆಂಪಗ ಇರುವಾಗ್ಲೇ ಗುಂಡು ಸುತ್ತಿಗಿಲೆ ಮೆಲ್ಲಕ ಬಡಿಯೋದು, ಕೈ ಇಟ್ರ ತಡಿಯೋವಷ್ಟು ಆರಿದ ಮ್ಯಾಲೆ ಇನ್ನೊಂದು ಕಡೆ ಒಂದಿಂಚು. ಬ್ಯಾಸರ ಕೆಲಸ, ಗಡಿಬಿಡಿ ಮಾಡೋರ ಕೈಗೆ ಕೊಡಬ್ಯಾಡ್ರಿ.

ರಾಯಚೂರು_ಫಿಟ್ಟರ್:
ಕಾಸದೆ ಬೀಡು ವೆಲ್ಡ್ ಮಾಡದು ನನಗ ಒಪ್ಪಿಗಿ ಇಲ್ಲ. ಇಡೀ ಬಾಡಿ 500 ಡಿಗ್ರಿ ಹತ್ರ ಕಾಸಿ ಮಾಡ್ರಿ, ಆಮ್ಯಾಲ ನಿಮ್ಮ ಕಡಿ ರೈಸ್ ಮಿಲ್ಲಿನಾಗ ಹೊಟ್ಟಿನ ಬೂದಿ ಬೇಕಾದಷ್ಟು ಅದ, ಮೆಲ್ಲಕ ಆರಲಿ ಅಂತ ಅದ್ರಾಗ ಹೂತಿಡ್ರಿ. ಸ್ಟೀಲ್ ಪ್ಲಾಂಟ್‌ನಾಗ ಕರಗಿದ ಉಕ್ಕಿನ ಮ್ಯಾಲ ಶಾಖ ಹೋಗಬಾರ್ದಂತ ಇದೇ ಬೂದಿ ಹಾಕ್ತಾರ. ಮೂಗಿಗೆ ಮಾಸ್ಕ್ ಕಟ್ಕೋರಿ, ಅದ್ರ ಧೂಳು ಪುಪ್ಪುಸಕ್ಕ ಕೆಟ್ಟದ್ದು.

ಲೇತ್_ಗಂಗಾವತಿ:
ಇಂಜಿನ್ ಹೆಡ್ ಆದ್ರ ನಿಮ್ಮ ಮಾತೇ ಖರೆ. ಇದು ಬರೇ ಕಾಲು, ಇಡೀ ಬಾಡಿ ಒಂದೇ ಸಮ ಕಾಸಾಕ ಭಟ್ಟಿ ಬೇಕು, ಗ್ಯಾಸಿಲೆ ಒಂದು ಮೂಲಿ ಅಷ್ಟ 500ಕ್ಕ ಒಯ್ದ್ರ ಅದೇ ಇನ್ನೊಂದು ಸೀಳಿಗೆ ದಾರಿ. ಪೂರಾ ಕಾಸಬೇಕು ಇಲ್ಲಾ ತಣ್ಣಗೇ ಇಟಗೊಂಡು ಮಾಡಬೇಕು, ನಡುವಿನ ಆಟ ಬ್ಯಾಡ.

ಬಳ್ಳಾರಿ_ಜೀನ್ಸ್:
ನಂದೊಂದು ಡೌಟು ಅಣ್ಣ, ಹೊಲಿಗೆ ಮಷೀನಿನ ಒಂದು ಬ್ರಾಕೆಟ್ ಮುರಿದೈತೆ, ಮುರಿದ ಜಾಗ ಬೆಳ್ಳಗೈತೆ, ಮ್ಯಾಗ್ನೆಟ್ ಹಿಡಿಯಲ್ಲ ಆದ್ರೆ ಸೈಜಿಗೆ ಭಾರ ಐತೆ. ಇದಕ್ಕೂ ನಿಕಲ್ಲಾ?

ಲೇತ್_ಗಂಗಾವತಿ:
ಭಾರ ಐತಿ ಅಂದ್ರ ಅಲ್ಯೂಮಿನಿಯಂ ಅಲ್ಲ, ಸತುವಿನ ಎರಕ ಇರಬೇಕು. 400 ಡಿಗ್ರಿ ಆಸುಪಾಸಿಗೆ ಕರಗಿ ಬೀಳ್ತೈತಿ, ಹೊಗೀನೂ ಕೆಟ್ಟದ್ದು, ಹೊಸಾ ಪಾರ್ಟ್ ಹಾಕ್ರಿ. ಪೈಪಿನ ಎಲ್ಬೋ ತರದ ಮ್ಯಾಲಿಯೆಬಲ್ ಬೀಡು ಆದ್ರೂ ಆರ್ಕ್ ವೆಲ್ಡ್ ಬ್ಯಾಡ, ಅಲ್ಲಿ ಹಿತ್ತಾಳಿ ಕರಗಿಸಿ ಕೂಡಿಸೋ ಬ್ರೇಜಿಂಗ್ ಚಲೋ.

ಕಾರಟಗಿ ಅಣ್ಣಾರ, ಒಂದು ಕೇಳೋದು ಮರತಿದ್ದೆ, ಡೆಲಿವರಿ ಪೈಪಿಗೆ ಸಪೋರ್ಟ್ ಐತೇನು? ಪೈಪಿನ ಭಾರ ಪಂಪಿನ ಮ್ಯಾಲೆ ಇದ್ರ, ಇಲ್ಲಾ ಬೇಸ್ ಮಟ್ಟ ಇಲ್ಲದೆ ಬೋಲ್ಟ್ ಎಳದು ಬಿಗದಿದ್ರ, ಕಾಲು ಹಿಂಗ ಸೀಳೋದು.

ಕಾರಟಗಿ_ರೈತ:
ಸಪೋರ್ಟ್ ಇಲ್ರಿ, ಕಬ್ಬಿಣದ ಪೈಪು ಪೂರಾ ಪಂಪಿನ ಮ್ಯಾಲೇ ನಿಂತೈತಿ. ನಾಳೆ ಗಂಗಾವತಿಗೆ ರಾಡ್ ತರಾಕ ಹೊಂಟೀನಿ, ಅಲ್ಲೇ ಒಂದು ಆಂಗಲ್ ಸ್ಟ್ಯಾಂಡೂ ಮಾಡಿಸ್ಕೊಂಡ್ ಬರ್ತೀನಿ.